ಗೋದಾಳಿಗೆ ನೀರೆರೆದವರು

ಐದು ತಿಂಗಳ ಕೂಸನ್ನು ಎತ್ತಿಕೊಂಡು ಸೇಡಂನ ತವರಿನಿಂದ ಚಿತ್ತಾಪುರಕ್ಕೆ ಬಂದಿಳಿದಾಗ ಭಾಮಾಳಿಗೆ ಸಂಸಾರದ ಕೆಲಸವೆಲ್ಲ ಬರುತ್ತಿತ್ತು. ಕೂಸಿಗೆ ನೀರೆರೆಯುವುದೊಂದು ಮಾತ್ರ ಬರುತ್ತಿರಲಿಲ್ಲ. ತವರಿನಲ್ಲಿ ಆ ಕೆಲಸ ಅಜ್ಜಿಯದಾಗಿತ್ತು. ಅಜ್ಜಿ ಬಚ್ಚಲಲ್ಲಿ ಕಾಲು ಚಾಚಿ ಕೂತರೆ ಬೇರೆಯವರು ಹತ್ತಿರ ಸುಳಿಯುವಂತಿರಲಿಲ್ಲ. ಎರೆದು, ಲೋಬಾನದ ಹೊಗೆ ಹಾಕಿ, ಬಟ್ಟೆಯಲ್ಲಿ ಸುತ್ತಿದ ಕೂಸನ್ನು ತಂದು ಭಾಮಾಳ ಮಡಿಲಿಗೆ ಹಾಕಿದರೆ ಹಾಲೂಡಿಸುವುದಷ್ಟೇ ಅವಳ ಪಾಲಿಗೆ ಉಳಿಯುತ್ತಿತ್ತು.

ಚಿತ್ತಾಪುರದ ಮನೆಯಲ್ಲಿ ಅತ್ತೆಯಿರಲಿಲ್ಲ. ಗಂಡ ಜಯತೀರ್ಥನ ತಾಯಿ ತೀರಿಕೊಂಡು ವರ್ಷಗಳಾಗಿದ್ದವು. ಅವರ ಹೆಸರನ್ನೇ ಕೂಸಿಗೆ ಇಟ್ಟಿದ್ದರು, ಗೋದಾವರಿ ಎಂದು. ಮಾವ ಚಿಂಚೋಳಿಯಲ್ಲಿ ದೇವರ ಪೂಜೆ ನೋಡಿಕೊಂಡು ಕಿರಿಯ ಮಗ ಹನುಮಂತನ ಜೊತೆಗಿದ್ದರು. ಜಯತೀರ್ಥ ಇಲ್ಲಿಯ ಸರ್ಕಾರಿ ಶಾಲೆಯಲ್ಲಿ ಮಾಸ್ತರನಾಗಿದ್ದ. ಆಗಿನ ಸರ್ಕಾರಿ ನೌಕರರ ಪದ್ಧತಿಯಂತೆ ಬೆಳಿಗ್ಗೆ ಶೇರವಾನಿ ತೊಟ್ಟು, ಗೊಂಡೆಯ ರೂಮಿ ಟೋಪಿ ಇಟ್ಟು ಹೋದರೆ ಸಂಜೆಯೇ ಬರುವುದು.

ಬಿಡಲು ಬಂದಿದ್ದ ತಾಯಿ ಜಾನಕೀಬಾಯಿ ಕೆಲವು ದಿನ ಇದ್ದು ಹೊರಟು ನಿಂತಳು.

"ಅವ್ವಾ, ನೀ ಹೋದರ ಇಕಿಗೆ ಯಾರು ಎರೀತಾರ?" ಎಂದಳು ಭಾಮಾ.

"ಹೊಳಿ ಓಣಿ ಚಂದಮ್ಮಗ ಹೇಳೀನಿ. ಈ ಊರಾಗ ಅರ್ಧ ಮಂದಿ ಆಕಿ ಕಾಲ ಮ್ಯಾಲೇ ಬೆಳದಾರ. ನೀ ಏನೂ ಅಂಜಬ್ಯಾಡ."

ಚಂದಮ್ಮ ನಿಜಕ್ಕೂ ಗಟ್ಟಿ ಕೈಯವಳು. ದಿನಾ ಬಂದಳು, ಎರೆದಳು, ಕೂಸಿನ ಮೂಗು ತಿದ್ದಿ ತೀಡಿದಳು. ಒಂದು ದಿನ ಹೋಗುವ ಮುಂದೆ ಕೈ ಒರೆಸಿಕೊಳ್ಳುತ್ತ ಅಂದಳು: "ಅವ್ವಾರ, ಭಂಕೂರದಾಗ ನನ್ನ ಮಗಳಿಗಿ ದಿನಾ ತುಂಬ್ಯಾವ್ರಿ. ಬಾಣಂತನ ಮುಗಿಸ್ಕೊಂಡು ಬರ್ತೀನ್ರಿ. ಅಲ್ಲಿಮಟ ನೀವೇ ಎರೀರಿ. ಕೂಸು ಏನ್ ಗಾಜಿಂದು ಅಲ್ಲ."

ಭಾಮಾಳಿಗೆ ಅದು ಗಾಜಿನದೇ. ಮಾರನೆಯ ದಿನ ಗಂಡ ಶಾಲೆಗೆ ಹೋದ ಮೇಲೆ ಹಂಡೆಯಲ್ಲಿ ನೀರು ಕಾಯಿಸಿ, ಬಚ್ಚಲ ಹಾಸುಗಲ್ಲಿನ ಮೇಲೆ ಮಣೆ ಹಾಕಿಕೊಂಡು, ಸೀರೆ ಮೊಣಕಾಲಿಗೇರಿಸಿ ಕೂತಳು. ಕೂಸನ್ನು ಕಾಲ ಮೇಲೆ ಮಲಗಿಸಿ ಎಣ್ಣೆ ಹಚ್ಚುವವರೆಗೆ ಎಲ್ಲ ಸರಿಯಿತ್ತು. ಎಣ್ಣೆ ಹತ್ತಿದ್ದೇ ತಡ, ಗೋದಾ ಮೀನಿನಂತೆ ಜಾರತೊಡಗಿತು. ಎಡಗೈಯಿಂದ ಹಿಡಿದು ಬಲಗೈಯಿಂದ ತಂಬಿಗೆ ಎತ್ತಿ ಸುರಿದಾಗ ನೀರು ನೇರ ಮೂಗಿಗೇ ಹೋಯಿತು. ಕೂಸು ಕೆಮ್ಮಿತು, ಉಸಿರು ಹಿಡಿಯಿತು, ಮುಖ ಕಂದಿತು. ಭಾಮಾ ತಂಬಿಗೆ ಬಿಸಾಕಿ ಅದನ್ನು ಎದೆಗವಚಿಕೊಂಡಳು. ಕೂಸು ಅಳತೊಡಗಿದ ಮೇಲೆ ಅವಳಿಗೆ ಜೀವ ಬಂತು. ಆಮೇಲೆ ಇಬ್ಬರೂ ಕೂಡಿಯೇ ಅತ್ತರು.

ಅಂದಿನಿಂದ ಅವಳು ಬರೀ ಹಸಿ ಬಟ್ಟೆಯಿಂದ ಒರೆಸತೊಡಗಿದಳು. ಕೂಸಿನ ಕೊರಳ ಮಡಿಕೆಯಲ್ಲಿ ಹಾಲು ಕುಳಿತು ಹುಳಿ ವಾಸನೆ ಬಂತು, ಕಂಕುಳು ಕೆಂಪಾಯಿತು, ಹಗಲಿನ ನಿದ್ದೆ ಕೆಟ್ಟಿತು. ಒಂದು ಮುಂಜಾನೆ ಜಯತೀರ್ಥ ಕೂಸನ್ನು ಎತ್ತಿಕೊಂಡವನು ಅದರ ಕೊರಳನ್ನು ಮೂಸಿ ನೋಡಿದ.

"ಇಕಿಗೆ ಎರದಿಲ್ಲೇನು?"

"ನನ್ನ ಕೈಲೆ ಆಗಂಗಿಲ್ರಿ," ಎಂದಳು ಭಾಮಾ. ಹೇಳುವಾಗಲೇ ಕಣ್ಣು ತುಂಬಿ ಬಂದವು. "ಮೂಗಿನಾಗ ನೀರು ಹೋತು. ಕೂಸು ಹೋಗೇಬಿಡ್ತು ಅಂದ್ಕೊಂಡೆ. ಚಂದಮ್ಮ ಬರೋಮಟಾ ನಾ ಎರಿಯಂಗಿಲ್ಲ."

ಅವನು ಬೈಯಬಹುದೆಂದುಕೊಂಡಳು. ಅವನು ಕೂಸನ್ನು ಅವಳ ಕೈಗೆ ಕೊಟ್ಟ. ಆಮೇಲೆ ಹಾಕಿಕೊಂಡಿದ್ದ ಶೇರವಾನಿಯ ಗುಂಡಿ ಬಿಚ್ಚಿದ, ಟೋಪಿ ಗೂಟಕ್ಕೆ ಸಿಗಿಸಿದ, ಧೋತರ ಮೇಲೆತ್ತಿ ಕಟ್ಟಿದ. "ನೀರು ಕಾಯಿಸು," ಎಂದ.

ಭಾಮಾಳಿಗೆ ಏನೂ ತಿಳಿಯಲಿಲ್ಲ. ನೀರು ಕಾದ ಮೇಲೆ ಅವನು ಮೊಣಕೈ ಅದ್ದಿ ನೋಡಿ ಒಂದು ಚರಿಗೆ ತಣ್ಣೀರು ಬೆರೆಸಿದ. ಮಣೆಯ ಮೇಲೆ ಕೂತು ಕಾಲು ಚಾಚಿದ. ಗೋದಾಳನ್ನು ಮೊದಲು ಬೋರಲು ಹಾಕಿ, ಅಂಗೈಯಗಲ ಎಣ್ಣೆಯನ್ನು ಬೆನ್ನ ಮೇಲಿಂದ ಹಿಮ್ಮಡಿಯವರೆಗೆ ಇಳಿಸಿದ. ಅವನ ಬೆರಳುಗಳಿಗೆ ಅವಸರವೇ ಇರಲಿಲ್ಲ. ಕಡಲೆ ಹಿಟ್ಟು ಹಚ್ಚಿ ತೀಡುವಾಗ ಮೂಗಿನಲ್ಲೇ ಏನೋ ಗುನುಗುತ್ತಿದ್ದ. ತಲೆಗೆ ನೀರು ಹಾಕುವಾಗ ಎಡಗೈಯನ್ನು ಕೂಸಿನ ಹಣೆಗೆ ಅಡ್ಡ ಹಿಡಿದ. ನೀರು ಅತ್ತಿತ್ತ ಹರಿದು ಹೋಯಿತು, ಒಂದು ಹನಿಯೂ ಮೂಗಿಗೆ ಬೀಳಲಿಲ್ಲ. ಗೋದಾ ಅಳುವುದನ್ನು ಮರೆತು ಬಾಯಿ ತೆರೆದು ಅಪ್ಪನ ಮುಖವನ್ನೇ ನೋಡಿತು. ಭಾಮಾಳೂ ಹಾಗೆಯೇ ನೋಡುತ್ತಿದ್ದಳು.

ಮದುವೆಯಾದಾಗ ಅವಳಿನ್ನೂ ಹುಡುಗಿ. ಸಂಸಾರಕ್ಕೆ ಬಂದ ಸ್ವಲ್ಪ ದಿನಕ್ಕೇ ಬಸಿರಾಗಿ ತವರಿಗೆ ಹೋಗಿದ್ದಳು. ಅವಳಿಗೆ ಗೊತ್ತಿದ್ದ ಗಂಡನೆಂದರೆ ಮಾತು ಕಡಿಮೆ, ಬಡಿಸಿದ್ದು ಉಂಡು ಏಳುವವನು, ಯಾರೆದುರೂ ದನಿ ಏರಿಸದವನು. ಈ ಕೈಗಳನ್ನು ಅವಳು ಕಂಡಿರಲಿಲ್ಲ.

"ಇದೆಲ್ಲಾ ನಿಮಗ ಹ್ಯಾಂಗ ಬರ್ತದ?"

"ತಮ್ಮ ಹಣಮಗ ಎರದೀನಿ," ಎಂದಷ್ಟೇ ಹೇಳಿ ಅವನು ಕೂಸನ್ನು ಬಟ್ಟೆಯಲ್ಲಿ ಸುತ್ತಿದ. "ಯಾರ ಮುಂದೂ ಹೇಳಬ್ಯಾಡ. ಸಾಲಿ ಹುಡುಗರಿಗೆ ಗೊತ್ತಾದರ ನನ್ನ ಎದುರೇ ಕಿಸಕ್ಕಂತ ನಗ್ತಾವ."

ಅಂದಿನಿಂದ ಮುಂಜಾನೆ ಬಾಗಿಲಿಗೆ ಅಗಳಿ ಬಿದ್ದ ಮೇಲೆಯೇ ಬಚ್ಚಲಲ್ಲಿ ನೀರಿನ ಸದ್ದು. ಜಯತೀರ್ಥ ಎರೆಯುವನು, ಭಾಮಾ ನೀರು ಹಾಕುವಳು. ಇಬ್ಬರೂ ಪಿಸುಮಾತಿನಲ್ಲೇ ಮಾತಾಡುವರು, ಯಾವುದೋ ಕಳ್ಳತನಕ್ಕೆ ಕೂತವರಂತೆ. ಭಾಮಾಳಿಗೆ ದಿನದಲ್ಲಿ ಆ ಹೊತ್ತೇ ಎಲ್ಲಕ್ಕಿಂತ ಇಷ್ಟವಾಗತೊಡಗಿತು. ಉಣ್ಣುವಾಗ ಮಾತಾಡದವನು ಅಲ್ಲಿ ಶಾಲೆಯ ಸುದ್ದಿ ಹೇಳುತ್ತಿದ್ದ, ಚಿಂಚೋಳಿಯ ಸುದ್ದಿ ಹೇಳುತ್ತಿದ್ದ, ಕೂಸಿನ ಕಾಲ್ಬೆರಳು ತನ್ನವರಂತಿವೆಯೋ ಅವಳವರಂತಿವೆಯೋ ಎಂದು ವಾದ ಮಾಡುತ್ತಿದ್ದ. ಹಿತ್ತಲ ಗೋಡೆಯ ಆಚೆ ಹೆಡ್ ಮಾಸ್ತರ ಶೌಕತ ಅಲಿಯವರ ಮನೆ. ಅವರ ಹೆಂಡತಿ ಹಸೀನಾಬೇಗಂ ಒಂದು ದಿನ ಗೋಡೆಯ ಮೇಲಿಂದ ಇಣುಕಿ ಅಂದರು: "ಏನ್ ಭಾಮಾಬಾಯಿ, ಚಂದಮ್ಮ ಇಲ್ಲದಿದ್ದರೂ ಕೂಸಿನ ಅಳೂನೇ ಕೇಳಂಗಿಲ್ಲ! ಭಾಳ ಹುಷಾರ್ ಆಗೀರಿ ಬಿಡ್ರಿ." ಭಾಮಾ ಸೆರಗು ಬಾಯಿಗೆ ಒತ್ತಿಕೊಂಡು ಒಳಗೋಡಿದಳು. ಹಸೀನಾಬೇಗಂ ಅದನ್ನು ನಾಚಿಕೆ ಅಂದುಕೊಂಡರು.

ಕೂಸಿಗೆ ಅನ್ನ ಉಣಿಸುವ ಶಾಸ್ತ್ರಕ್ಕೆ ಶಹಾಬಾದದಿಂದ ಜಯತೀರ್ಥನ ಸೋದರತ್ತೆ ಲಕ್ಷ್ಮೀಬಾಯಿ ಬರುವವರಿದ್ದರು; ಮನೆಯವರಿಗೆಲ್ಲ ಅವರು ಅತ್ಯಾ. ಹೇಳಿದ ದಿನಕ್ಕೆ ಬಂದಿದ್ದರೆ ಏನೂ ಆಗುತ್ತಿರಲಿಲ್ಲ. ವಾಡಿಯಲ್ಲಿ ಗಾಡಿ ಬದಲಿಸಿ ಒಂದು ದಿನ ಮೊದಲೇ ಬಂದುಬಿಟ್ಟರು. ಮುಂಬಾಗಿಲು ಬಡಿದರೆ ಅಗಳಿ; ನೀರಿನ ಸದ್ದಿಗೆ ಒಳಗಿನವರಿಗೆ ಕೇಳಲಿಲ್ಲ. ಅವರು ಗಂಟು ಹೊತ್ತುಕೊಂಡು ಸುತ್ತು ಹಾಕಿ ಹಿತ್ತಲಿಂದ ಬಚ್ಚಲ ಬಾಗಿಲಿಗೇ ಬಂದರು.

"ಜಯಾ! ಏನೋ ಇದು ನಿನ್ನ ಅವತಾರ!"

ತೊಡೆಯವರೆಗೆ ಧೋತರ, ಮೊಣಕೈಯವರೆಗೆ ಕಡಲೆ ಹಿಟ್ಟು, ಕಾಲ ಮೇಲೆ ಕೂಸು. ಜಯತೀರ್ಥ ಸರಕ್ಕನೆ ಧೋತರ ಕೆಳಗೆಳೆದುಕೊಂಡ. ಲಕ್ಷ್ಮೀಬಾಯಿ ಭಾಮಾಳ ಕಡೆ ತಿರುಗಿದರು. "ಮನ್ಯಾಗ ಹೆಣ್ಣಮಕ್ಕಳು ಇಲ್ಲೇನು? ಮಾಸ್ತರಿಕಿ ಮಾಡೋ ಗಂಡಸನ ಬಚ್ಚಲದಾಗ ಕೂಡ್ರಿಸಿ ನೀ ನೋಡಕೋತ ನಿಂತೀಯಲ್ಲ!"

ಭಾಮಾ ಗಂಡನ ಮುಖ ನೋಡಿದಳು. ಅವನು ತಲೆ ತಗ್ಗಿಸಿ ಕೂಸಿನ ಮೈ ಒರೆಸುತ್ತಿದ್ದ.

ಶಾಸ್ತ್ರವೇನೋ ಚೆನ್ನಾಗಿಯೇ ನಡೆಯಿತು. ಗೋದಾ ಪಾಯಸ ಚಪ್ಪರಿಸಿ ಅತ್ಯಾನ ಬೆರಳು ಕಚ್ಚಿತು. ಆದರೆ ಲಕ್ಷ್ಮೀಬಾಯಿ ಊರಿಗೆ ಹೊರಡಲಿಲ್ಲ; "ನಾ ಇರೋಮಟಾ ನಾನೇ ಎರೀತೀನಿ" ಎಂದು ಬಚ್ಚಲು ಹಿಡಿದರು. ಅವರಿಗೆ ನೀರು ಸುಡುಸುಡು ಇರಬೇಕು, ಮೈ ಕೆಂಪಗಾಗುವ ಹಾಗೆ ತಿಕ್ಕಬೇಕು. ಗೋದಾ ಬಚ್ಚಲ ಹೊಸ್ತಿಲು ಕಂಡರೆ ಸಾಕು, ಓಣಿಗೇ ಕೇಳುವಂತೆ ಚೀರತೊಡಗಿತು. ಜಯತೀರ್ಥ ಅರ್ಧ ಜೋಳದ ಭಕ್ರಿ ತಟ್ಟೆಯಲ್ಲೇ ಬಿಟ್ಟು ಶಾಲೆಯ ಹೊತ್ತಿಗಿಂತ ಮೊದಲೇ ಹೊರಟುಬಿಡುತ್ತಿದ್ದ.

ಒಂದು ಸಂಜೆ ಅವನು ಕೈಕಾಲು ತೊಳೆಯಲು ಹಿತ್ತಲಿಗೆ ಬಂದಾಗ ಭಾಮಾ ತಂಬಿಗೆ ಕೊಡುತ್ತ ಕೇಳಿದಳು: "ನೀವು ಒಂದು ಮಾತೂ ಆಡಲಿಲ್ಲ."

"ದೊಡ್ಡಾಕಿ. ಎದುರು ಹ್ಯಾಂಗ ಮಾತಾಡಲಿ?"

"ನನಗ ಬೈದರಲ್ಲ, ಅದಕ್ಕ ನಾ ಏನೂ ಅನ್ನಂಗಿಲ್ಲ. ಗೋದಾ ದಿನಾ ನಿಮ್ಮ ಹಾದಿ ನೋಡ್ತದ. ಬಚ್ಚಲಕ್ಕ ಒಯ್ಯಲಿಕತ್ತರ ನಿಮ್ಮ ಖೋಲಿ ಕಡೆ ಕೈ ಚಾಚ್ತದ. ನೀವು ಟೋಪಿ ಹಾಕ್ಕೊಂಡು ಹೋಗಿಬಿಡ್ತೀರಿ."

ಅವನು ಕಾಲ ಮೇಲೆ ಎಷ್ಟೋ ಹೊತ್ತು ನೀರು ಸುರಿದುಕೊಂಡ.

ಮಾರನೆಯ ಮುಂಜಾನೆ ಚಳಿ ಜೋರಾಗಿತ್ತು. ಲಕ್ಷ್ಮೀಬಾಯಿ ಗೋದಾಳಿಗೆ ಎಣ್ಣೆ ಹಚ್ಚಿ ಮುಗಿಸಿದ್ದರಷ್ಟೇ, "ಅಯ್ಯ, ಸತ್ತೆನವ್ವಾ!" ಎಂದು ಕೂಗಿದರು. ಅವರ ಮೊಣಕಾಲು ಹಿಡಿದುಕೊಂಡುಬಿಟ್ಟಿತ್ತು. ಮಡಚಲೂ ಬಾರದು, ಏಳಲೂ ಬಾರದು. ನೋವಿಗೆ ಕೈಯ ಹಿಡಿತ ಸಡಿಲಿ ಕೂಸು ಜಾರುತ್ತಿತ್ತು. ಭಾಮಾ ಒಂದೇ ನೆಗೆತಕ್ಕೆ ಬಂದು ಅದನ್ನು ಬಾಚಿಕೊಂಡಳು. ಎಣ್ಣೆ ಮೈಯ ಕೂಸು ಈ ಸಲ ಅವಳ ಕೈಯಿಂದ ಜಾರಲಿಲ್ಲ. ಅವಳು ನಡುಮನೆಯ ಕಡೆ ತಿರುಗಿ, ಅತ್ಯಾ ಎದುರಿಗೇ, ದನಿ ಎತ್ತಿ ಕರೆದಳು.

"ಏನ್ರೀ, ಬರ್ರಿ ಇಲ್ಲೆ! ಕೂಸಿಗೆ ಥಂಡಿ ಆಗ್ಲಿಕತ್ತದ. ನೀವೇ ಎರೀರಿ."

ಸಂಧ್ಯಾವಂದನೆ ಮುಗಿಸಿ ಏಳುತ್ತಿದ್ದ ಜಯತೀರ್ಥ ಬಾಗಿಲಲ್ಲಿ ಬಂದು ನಿಂತ. ಒಮ್ಮೆ ಅತ್ಯಾನನ್ನು ನೋಡಿದ, ಒಮ್ಮೆ ಹೆಂಡತಿಯನ್ನು. ಗೋದಾ ಎರಡೂ ಕೈ ಚಾಚಿತು. ಅವನು ಇನ್ನೊಂದು ಮಣೆ ಎಳೆದುಕೊಂಡು ಕೂತೇಬಿಟ್ಟ.

ಲಕ್ಷ್ಮೀಬಾಯಿಗೆ ಎದ್ದು ಹೋಗುವ ಹಾಗಿರಲಿಲ್ಲ. ಮೊಣಕಾಲು ಹಿಡಿದುಕೊಂಡು ಅಲ್ಲೇ ಕೂತು ನೋಡಿದರು. ಮೊಣಕೈ ಅದ್ದಿ ನೀರು ನೋಡಿದ್ದು, ಹಣೆಗೆ ಕೈ ಅಡ್ಡ ಹಿಡಿದದ್ದು, ಕೂಸು ಅಪ್ಪನ ಜನಿವಾರ ಹಿಡಿದು ಜಗ್ಗುತ್ತ ನಕ್ಕದ್ದು.

"ಇದನ್ನ ಯಾರೋ ಕಲಿಸಿದರು ನಿನಗ?"

"ಅವ್ವ," ಎಂದ ಜಯತೀರ್ಥ. "ಹಣಮ ಹುಟ್ಟಿದ ಮ್ಯಾಲೆ ಅವ್ವಗ ಏಳಲಿಕ್ಕೇ ಆಗ್ತಿರಲಿಲ್ಲ. ಅಪ್ಪ ಮುಂಜಾನಿ ಗುಡಿಗೆ ಹೋದರ ಬರೋದು ಮಧ್ಯಾಹ್ನ. ಅವ್ವನ ಹಾಸಿಗಿ ಬಚ್ಚಲದ ಬಾಗಿಲ ಹತ್ತರ ಹಾಕಿದ್ವಿ. ಆಕಿ ಅಲ್ಲಿಂದ ಹೇಳಾಕಿ, ನಾ ಎರಿಯಾಂವ. ನನ್ನ ಕಾಲು ಗಿಡ್ಡ ಇದ್ದವು, ಹಣಮ ಜಾರಿ ಜಾರಿ ಬೀಳ್ತಿದ್ದ. ಆಕಿ ಮಲಕೊಂಡಲ್ಲೇ ನಗ್ತಿದ್ದಳು." ಅವನು ಗೋದಾಳ ಕಾಲಿಗೆ ನೀರು ಬಿಟ್ಟ. "ಆಕಿ ನಕ್ಕದ್ದು ನನಗ ಅದೊಂದೇ ನೆನಪದ, ಅತ್ಯಾ."

ಭಾಮಾ ತಂಬಿಗೆ ಹಿಡಿದು ನಿಂತಲ್ಲೇ ನಿಂತಳು. ಲಕ್ಷ್ಮೀಬಾಯಿ ಕಣ್ಣಿಗೆ ಸೆರಗು ಒತ್ತಿಕೊಂಡರು.

"ಓಣಿ ಹೆಂಗಸರು ಎರೀತಾರಂತ ತಿಳಕೊಂಡಿದ್ದೆ ನಾ," ಎಂದರು ಕೊನೆಗೆ. "ನಮ್ಮಣ್ಣ ಒಂದು ಮಾತು ಹೇಳಲಿಲ್ಲ. ನೀನೂ ಹೇಳಲಿಲ್ಲ." ಮೂಗು ಒರೆಸಿಕೊಂಡು, ಗದರುವ ದನಿಯನ್ನು ಮತ್ತೆ ಹುಡುಕಿಕೊಂಡರು. "ಕಿವಿ ಹಿಂದ ಹಿಟ್ಟು ಉಳದದ ನೋಡು. ಛಲೋತ್ನಾಗಿ ತೊಳಿ. ಮುಗದ ಮ್ಯಾಲೆ ನನ್ನ ಮೊಣಕಾಲಿಗೂ ಒಂದೀಟು ಎಣ್ಣಿ ತಿಕ್ಕೋ ಮಾರಾಯಾ, ನಾ ಇಲ್ಲೇ ಕೂತು ಕಲ್ಲಾಗ್ತೀನಿ."

ಗುಟ್ಟು ಉಳಿಯಲಿಲ್ಲ. ಅತ್ಯಾ ತಾವೇ ಗೋಡೆಯ ಮೇಲಿಂದ ಹಸೀನಾಬೇಗಂಗೆ, "ನಮ್ಮ ಜಯಾನ ಕೈ ಹಂಗದ ನೋಡ್ರಿ" ಎಂದು ಹೇಳಿಬಿಟ್ಟರು. ಮರುದಿನ ಶಾಲೆಯಲ್ಲಿ ಶೌಕತ ಅಲಿ ಜಯತೀರ್ಥನನ್ನು ಬದಿಗೆ ಕರೆದು, ಗಡ್ಡ ನೀವಿಕೊಂಡು ಅಂದರು: "ಮಾಸ್ತರ್‌ಸಾಬ್, ನಿಮ್ಮ ದೆಸಿಂದ ನನಗ ಮನ್ಯಾಗ ಭಾಳ ತಕ್ಲೀಫ್ ಆಗ್ಯದ. ಎಂಟು ಮಕ್ಕಳಾಗ ಒಂದಕ್ಕರ ನೀರು ಹಾಕೀರೇನಂತ ಬೇಗಂ ಕೇಳ್ಯಾರ. ಏನ್ ಜವಾಬ್ ಕೊಡ್ಲಿ?" ಸಂಜೆ ಇದನ್ನು ಹೇಳುತ್ತ ಜಯತೀರ್ಥ ಜೋರಾಗಿ ನಕ್ಕ. ಅವನು ಹಾಗೆ ನಗುವುದನ್ನು ಭಾಮಾ ಮೊದಲ ಸಲ ಕೇಳಿದಳು.

ಆಗ ಶಾಲೆಗೆ ವಾರದ ಸೂಟಿ ಶುಕ್ರವಾರ. ಬಿಸಿಲೇರಿದ ಮೇಲೆ ಭಾಮಾ ತಾನೇ ಮಣೆ ಹಾಕಿಕೊಂಡಳು.

"ಇವತ್ತ ನಾ ಎರೀತೀನಿ. ನೀವು ಹೇಳಿಕೊಡ್ರಿ."

"ಅಂಜಿಕಿ ಬರಂಗಿಲ್ಲೇನು?"

"ಬರ್ತದ. ಆದರೂ ಎರೀತೀನಿ."

ಲಕ್ಷ್ಮೀಬಾಯಿ ಕಾಲು ನೀಡಿಕೊಂಡು ಹೊಸ್ತಿಲ ಬಳಿ ಕೂತರು. ಜಯತೀರ್ಥ ತಂಬಿಗೆ ಹಿಡಿದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ. "ಕಾಲು ಇನ್ನೊಂದೀಟು ಕೂಡಿಸು," ಎಂದ. "ಗಟ್ಟಿ ಹಿಡೀಬ್ಯಾಡ, ಹಿಡದಷ್ಟೂ ಜಾರ್ತಾಳ. ಅಂಗೈ ಬೆನ್ನಿಗೆ ಇಡು, ಸಾಕು." ಅತ್ಯಾ ಅಲ್ಲಿಂದಲೇ, "ನೀರು ತಣ್ಣಗ ಆಗೇದ" ಎಂದರು, ಯಾರೂ ಕಿವಿಗೊಡಲಿಲ್ಲ. ಭಾಮಾ ಎಡಗೈ ಬಾಗಿಸಿ ಹಣೆಗೆ ಅಡ್ಡ ಹಿಡಿದಳು, ಉಸಿರು ಬಿಗಿಹಿಡಿದಳು. ಜಯತೀರ್ಥ ಸಣ್ಣಗೆ ನೀರು ಬಿಟ್ಟ. ನೀರು ಅವಳ ಬೆರಳ ಮೇಲಿಂದ ಇಳಿದು, ಕೂಸಿನ ಕಿವಿ ಬದಿಯಿಂದ ಹರಿದು ಹಾಸುಗಲ್ಲು ಸೇರಿತು. ಗೋದಾ ಕಣ್ಣು ಪಿಳಿಪಿಳಿ ಬಿಟ್ಟು ಒಮ್ಮೆ ಮುಖ ಸಿಂಡರಿಸಿತು, ಇನ್ನೇನು ಅಳುತ್ತದೆ ಅನ್ನುವಷ್ಟರಲ್ಲಿ ಅವ್ವನ ಸೀರೆಯ ಮೇಲೆ ಬೆಚ್ಚಗೆ ಉಚ್ಚೆ ಹೊಯ್ದು ಸುಮ್ಮನಾಯಿತು.

"ಮುಗೀತು, ಇನ್ನ ನೀ ಪಾಸ್," ಎಂದ ಜಯತೀರ್ಥ.

ಎರೆದದ್ದಾಯಿತು, ಹೊಗೆ ಹಾಕಿದ್ದಾಯಿತು. ಕೂಸು ತೊಟ್ಟಿಲಲ್ಲಿ ಮುಷ್ಟಿ ಬಿಗಿಹಿಡಿದು ನಿದ್ದೆ ಹೋಯಿತು. ಆಗಷ್ಟೇ ಭಾಮಾಳಿಗೆ ತನಗೆ ಎಷ್ಟು ಹಸಿವಾಗಿದೆಯೆಂದು ತಿಳಿದದ್ದು. ಅತ್ಯಾ ಒಳಗೆ ಒಲೆಯ ಮುಂದೆ ಭಕ್ರಿ ಬಡಿಯಲು ಕೂತಿದ್ದರು. ಜಯತೀರ್ಥ ಒದ್ದೆ ಧೋತರದಲ್ಲೇ ಹಿತ್ತಲ ಬಿಸಿಲಿಗೆ ಕೂಸಿನ ಬಟ್ಟೆ ಹರವುತ್ತಿದ್ದ. ಭಾಮಾ ಹೋಗಿ ಇನ್ನೊಂದು ತುದಿ ಹಿಡಿದು ಝಾಡಿಸಿದಳು.