ಇಬ್ಬರು ದೇವದೂತರಿಗೆ ಒಂದೇ ಜೊತೆ

ನಾನು ಒಂದು ಜೊತೆ ರೆಕ್ಕೆ. ಹಾರಿದ್ದು ಮಾತ್ರ ಒಂದು ದಿನವೂ ಇಲ್ಲ. ಹುಟ್ಟಿದ್ದು ಕಾವೇರಿ ದಡದ ಕ್ರೈಸ್ತರ ಕೇರಿಯಲ್ಲಿ, ಆರೋಗ್ಯಮ್ಮನ ಮಡಿಲಲ್ಲಿ. ಅವಳು ಬಾತುಕೋಳಿ ಸಾಕುತ್ತಿದ್ದಳು. ಎರಡು ವರ್ಷ ಉದುರಿದ ಬಿಳಿ ಗರಿಗಳನ್ನೆಲ್ಲ ಆಯ್ದು, ಸೀಗೆಪುಡಿಯಲ್ಲಿ ತೊಳೆದು, ಬಿದಿರಿನ ದಬ್ಬೆಗೆ ಬಟ್ಟೆ ಬಿಗಿದು, ಒಂದೊಂದಾಗಿ ಹೊಲಿದಳು.

ಅವಳ ಗಂಡ ಇನ್ನಾಸಪ್ಪ ಹರಿಗೋಲು ನಡೆಸುವವನು. ಮದುವೆಯಾಗಿ ಹೊಳೆ ದಾಟುವಾಗ ಇವಳು ಹೆದರಿ ಅತ್ತಿದ್ದಳಂತೆ. ಆಗ ಅವನು ಮೆಲ್ಲಗೆ ಆಡಿದ ಮಾತನ್ನು ನೆನೆದು ಹೊಲಿಗೆಯ ನಡುವೆ ನಗುತ್ತಿದ್ದಳು. ಕ್ರಿಸ್ಮಸ್ಸಿನ ಮಾರನೆಯ ದಿನ, ಹೊತ್ತು ಇಳಿದ ಮೇಲೆ ಕೇರಿಯಲ್ಲಿ ನಾಟಕ. ಅದರಲ್ಲಿ ಗಂಡ ಗಬ್ರಿಯೇಲ ದೂತನಾಗಿ ನನ್ನನ್ನು ಕಟ್ಟಿಕೊಂಡು ಮಾತೆ ಮರಿಯಮ್ಮನಿಗೆ ಶುಭವಾರ್ತೆ ಹೇಳುವುದನ್ನು ಕಣ್ತುಂಬ ನೋಡಬೇಕು, ಅದೊಂದೇ ಅವಳ ಆಸೆ.

ಆದರೆ ನಾಟಕ ಕಲಿಸುವ ಉಪದೇಶಿ ಚೌರಪ್ಪನವರು ಆಚೆ ದಡಕ್ಕೂ ಕೇಳುವ ಅವನ ಗಂಟಲು ನೋಡಿ ಲೂಸಿಫರನ ಪಾತ್ರ ಕೊಟ್ಟುಬಿಟ್ಟರು. ಸ್ವರ್ಗದಲ್ಲಿ ಎಲ್ಲರಿಗಿಂತ ಹೊಳೆಯುವ ದೂತನಾಗಿದ್ದು, ದೇವರಿಗೆ ತಲೆಬಾಗೆನೆಂದು ಸೊಕ್ಕಿ ಬಿದ್ದು ಸೈತಾನನಾದವನು. ಕೇರಿಯಲ್ಲಿ ಇದ್ದದ್ದು ನಾನೊಂದೇ ಜೊತೆ. ಹಾಗಾಗಿ ಮೊದಲು ಇನ್ನಾಸಪ್ಪನ ಬೆನ್ನಿಗೆ. ಅವನು ಏಣಿಯಿಂದ ಹುಲ್ಲಿನ ರಾಶಿಗೆ ಬಿದ್ದೊಡನೆ ಪರದೆಯ ಹಿಂದೆ ಗಂಟು ಬಿಚ್ಚಿ, ಕೊಡವಿ, ದರ್ಜಿ ಜೋಜಪ್ಪನ ಬೆನ್ನಿಗೆ. ಗಬ್ರಿಯೇಲ ಅವನು.

"ರೆಕ್ಕೆ ಹೊಲ್ದೋಳು ನಾನು, ಬೀಳೋನು ನನ್ ಗಂಡನಾ?" ಎಂದಳು ಆರೋಗ್ಯಮ್ಮ.

ಲೂಸಿಫರನಾದವನು ಪಾದ್ರಿಯ ಮುಂದೆ ಪಾಪನಿವೇದನೆ ಮಾಡಿಕೊಂಡೇ ಮುಂದಿನ ಪೂಜೆಗೆ ಬರಬೇಕೆಂಬುದು ಕೇರಿಯ ರೂಢಿ. ಮಾಡದ ಪಾಪವನ್ನು ಇನ್ನಾಸಪ್ಪ ಏನೆಂದು ಹೇಳುತ್ತಿದ್ದನೋ ಕಾಣೆ. ಮಕ್ಕಳು ಸೈತಾನಪ್ಪ ಎಂದು ಕರೆದರೆ ನಗುತ್ತಿದ್ದ. ಆರೋಗ್ಯಮ್ಮನಿಗೆ ನಗು ಬರುತ್ತಿರಲಿಲ್ಲ. ಗಂಡ ಏಣಿ ಹತ್ತಿದೊಡನೆ ರಂಗಕ್ಕೆ ಬೆನ್ನು ಮಾಡಿ ಕೂತರೆ ಮುಗಿಯುವ ತನಕ ತಿರುಗುತ್ತಿರಲಿಲ್ಲ. ಆದರೂ ಪ್ರತಿ ವರ್ಷ ನನ್ನ ಮುರಿದ ಗರಿ ಕಿತ್ತು ಹೊಸದು ಹಾಕುತ್ತಿದ್ದಳು. ಹೀಗೆ ಹದಿನೆಂಟು ವರ್ಷ. ಸೂಜಿಗೆ ದಾರ ಪೋಣಿಸಲು ನೆರೆಯವರನ್ನು ಕರೆಯುವಷ್ಟು ಅವಳ ಕಣ್ಣು ಮಂಜಾಗುತ್ತಾ ಬಂತು.

ಹತ್ತೊಂಬತ್ತನೆಯ ವರ್ಷ ಜೋಜಪ್ಪನಿಗೆ ಮಂಗನಬಾವು. ಕೆನ್ನೆಗೆ ಟವೆಲು ಸುತ್ತಿಕೊಂಡು ಹಟದಿಂದ ಬಂದಿದ್ದವನು, ತನ್ನ ಸರದಿ ಬಂದಾಗ ಬಾಯಿ ತೆರೆಯಲಾಗದೆ ಕೈ ಮುಗಿದ. ಇನ್ನಾಸಪ್ಪ ಆಗಷ್ಟೇ ಬಿದ್ದು ಹುಲ್ಲಿನಲ್ಲಿದ್ದ. ಅಷ್ಟೂ ವರ್ಷ ಅಲ್ಲೇ ಬಿದ್ದುಕೊಂಡು ಗಬ್ರಿಯೇಲನ ಮಾತು ಕೇಳಿದವನು, ಅವನಿಗಲ್ಲದೆ ಇನ್ಯಾರಿಗೆ ಬರಬೇಕು? ರೂಢಿಯಂತೆ ನನ್ನ ಗಂಟು ಬಿಚ್ಚಲು ಕೈ ಹಾಕಿದ ಇನ್ನಾಸಪ್ಪನನ್ನು ಉಪದೇಶಿಗಳು ತಡೆದರು.

"ಬಿಚ್ಚಬ್ಯಾಡ. ಹಂಗೇ ಹೋಗು."

ಪರದೆ ಸರಿಯಿತು. "ಬಿದ್ದೋನೇ ಎದ್ದು ಬಂದವ್ನೆ ಕಣ್ರೋ" ಎಂದು ಯಾರೋ ಕೂಗಿದ್ದೇ ಕೇರಿಯೆಲ್ಲ ಘೊಳ್ಳೆಂದಿತು. ಇನ್ನಾಸಪ್ಪನಿಗೆ ಕಲಿತ ಮಾತೆಲ್ಲ ಮರೆತುಹೋಯಿತು. ಮರಿಯಮ್ಮನಾಗಿ ಮಂಡಿಯೂರಿದ್ದ ಹುಡುಗಿ ಆ ನಗುವಿಗೆ ಬೆದರಿ ಎದ್ದೋಡುವವಳಂತಿದ್ದಳು. ಅವನು ಬಾಗಿದ. ಬಾಯಿಗೆ ಬಂದದ್ದು ನಾಟಕದ ಮಾತಲ್ಲ. ನಡುಹೊಳೆಯಲ್ಲಿ ಹರಿಗೋಲು ಓಲಾಡಿದಾಗ ಹೆಂಗಸರಿಗೆ ಅವನು ಹೇಳುತ್ತಿದ್ದದ್ದು.

"ಹೆದ್ರುಕೋಬ್ಯಾಡ ಕಣವ್ವ. ನಾನಿವ್ನಿ. ಅಲ್ಲಾಡ್ದೆ ಕೂತ್ಕೋ."

ನಗು ನಿಂತಿತು. ಆ ಮಾತು ಕೇಳದೆ ಹೊಳೆ ದಾಟಿದ ಹೆಂಗಸು ಅಲ್ಲಿ ಯಾರಿದ್ದರು? ಹುಡುಗಿ ಕೂತಳು. ಆರೋಗ್ಯಮ್ಮ ತಿರುಗಿದಳು.

ಮನೆಗೆ ಹೋದ ಮೇಲೆ ನನ್ನ ಮೈಯ ಹುಲ್ಲೆಲ್ಲ ಆರಿಸಿ, ಒಂದೇ ಒಂದು ಕಡ್ಡಿಯನ್ನು ಗರಿಯ ನಡುವೆ ಹಾಗೇ ಬಿಟ್ಟಳು.

ಈಗ ಹೊಳೆಗೆ ಸೇತುವೆಯಾಗಿದೆ, ನಾಟಕಕ್ಕೆ ಪೇಟೆಯ ಮಿಣಮಿಣ ರೆಕ್ಕೆಗಳು ಬಂದಿವೆ, ಬೇಕಾದಷ್ಟು ಜೊತೆ. ನಾನು ಚರ್ಚಿನ ಹಿಂದಿನ ಕೋಣೆಯಲ್ಲಿ ಮೊಳೆಗೆ ನೇತಾಡುತ್ತೇನೆ, ಹುಲ್ಲುಕಡ್ಡಿಯ ಸಮೇತ. ಉಡುಪು ಹುಡುಕಲು ಬಂದ ಮಕ್ಕಳು ಕೇಳುತ್ತಾರೆ: ಇದು ಬಿದ್ದ ದೂತನದೋ, ಬಂದ ದೂತನದೋ? ದೊಡ್ಡ ವಿಷಯ ನನಗೆ ತಿಳಿಯದು. ಆ ದಿನ ಅವನ ಎದೆಯ ಮೇಲೆ ನನ್ನ ಗಂಟು ಒಂದೇ ಇತ್ತು. ನಡುವೆ ಯಾರೂ ಬಿಚ್ಚಿರಲಿಲ್ಲ.