ಮೊದಲು ದೀಪ ಆರಿಸಿ ನೋಡಿ

ಮನೆ ಬದಲಿಸುವಾಗ ನಾವು ಪಾತ್ರೆ ಎಣಿಸುತ್ತೇವೆ, ಮಂಚ ಬಿಚ್ಚುತ್ತೇವೆ, ಕರೆಂಟಿನ ಯೋಚನೆ ಮಾತ್ರ ಮಾಡುವುದಿಲ್ಲ. ಸ್ವಿಚ್ಚು ಒತ್ತಿದರೆ ದೀಪ ಹತ್ತುತ್ತದಲ್ಲ, ಇನ್ನೇನು! ನಮ್ಮ ಬಸ್ ಡ್ರೈವರ್ ಕೂಡ ಹಾಗೇ ಅಂದುಕೊಂಡಿದ್ದ.

ಆ ವಾರ ಅವನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಮೂರನೇ ಮಹಡಿಯಲ್ಲಿ ಬಾಡಿಗೆ ಮನೆ ಸಿಕ್ಕಿತ್ತು. ಲಿಫ್ಟ್ ಇದೆ, ಉಬ್ಬಸದ ಅಮ್ಮನಿಗೆ ದೊಡ್ಡ ಕಿಟಕಿಯ ಕೋಣೆಯಿದೆ. ಭಾನುವಾರ ಬರುವುದೊಂದೇ ಬಾಕಿ.

"ಮಗಾ, ನನ್ನ ಮೆಷಿನ್ನಿಗೆ ಕಿಟಕಿ ಪಕ್ಕ ಪ್ಲಗ್ ಇದೆಯೇನೋ?" ಎಂದು ಅಮ್ಮ ಹತ್ತನೇ ಸಲ ಕೇಳಿದರು. ಔಷಧಿಯ ಆವಿ ಕೊಡುವ ಆ ಮೆಷಿನ್ ಬೆಳಿಗ್ಗೆ, ಸಂಜೆ ಓಡಲೇಬೇಕು. ಒಂದು ಹೊತ್ತು ತಪ್ಪಿದರೂ ಅವರಿಗೆ ಉಸಿರು ಕಟ್ಟುತ್ತಿತ್ತು.

"ಎರಡೆರಡು ಪ್ಲಗ್ ಇದೆ ಕಣಮ್ಮಾ!" ಎಂದ ಡ್ರೈವರ್, ಶಿಳ್ಳೆ ಹಾಕುತ್ತ ಪೆಟ್ಟಿಗೆ ಕಟ್ಟಿದ.

ಅಷ್ಟರಲ್ಲಿ ಪಕ್ಕದ ಮನೆಯ ಅಕ್ಕ ಬಂದಳು. ಮನೆಮನೆಯ ಮೀಟರ್ ಓದುವುದೇ ಅವಳ ಕೆಲಸ.

"ಹೊಸ ಮನೆ ಕರೆಂಟು ನಿನ್ನ ಹೆಸರಿಗಾಯ್ತೇನಪ್ಪಾ?"

"ಎಲ್ಲಾ ದೀಪ ಉರೀತವೆ ಅಕ್ಕಾ. ಕೂಸು ಹುಟ್ಟೋಕೆ ಮುಂಚೆ ಕುಲಾವಿ ಯಾಕೆ? ಹೋದ್ಮೇಲೆ ನೋಡಿದ್ರಾಯ್ತು."

"ಮನೆಗೆ ಬೆಂಕಿ ಬಿದ್ಮೇಲೆ ಬಾವಿ ತೋಡ್ತೀಯಾ? ಈಗ ಉರೀತಿರೋದು ಹಳೇ ಬಾಡಿಗೆದಾರರ ಹೆಸರಲ್ಲಿ. ಅವರು ನಿಲ್ಸಿ ಅಂತ ಬರ್ದು ಕೊಟ್ರೆ?"

ಡ್ರೈವರನ ಹೆಂಡತಿ ಪೆಟ್ಟಿಗೆಯಿಂದ ತಲೆ ಎತ್ತಿದಳು. "ಕೊಟ್ಟಾಗಿದೆಯಂತೆ ಅಕ್ಕಾ! ಶನಿವಾರಕ್ಕೆ ನಿಲ್ಸೋಕೆ ಹೇಳಿದಾರೆ ಅಂತ ಮಾಲೀಕರು ಅಂದ್ರು!"

ಅಮ್ಮ ಮೆಷಿನ್ನಿನ ಮೇಲೆ ಕೈಯಿಟ್ಟರು. ಡ್ರೈವರನ ಶಿಳ್ಳೆ ನಿಂತಿತು.

ಅವತ್ತೇ ಸಂಜೆ ಡ್ರೈವರ್, ಹೆಂಡತಿ, ಅಕ್ಕ ಮೂವರೂ ಹೊಸ ಕಟ್ಟಡಕ್ಕೆ ಹೋದರು. ಕೆಳಗಡೆ ಸಾಲಾಗಿ ಮೀಟರುಗಳು, ಪ್ರತಿಯೊಂದರ ಮೇಲೂ ಬಣ್ಣದಲ್ಲಿ ಮನೆ ನಂಬರು.

"ಸಿಕ್ತು, ನಮ್ದು ಮೂವತ್ತೊಂದು! ಅರ್ಜಿಗೆ ಈ ಮೀಟರ್ ನಂಬರ್ ಬರ್ಕೋತೀನಿ" ಎಂದ ಡ್ರೈವರ್.

"ತಾಳು. ಬಣ್ಣದಲ್ಲಿ ಬರೆದಿದ್ದನ್ನೆಲ್ಲ ನಂಬಬೇಡ. ನಿನ್ನ ಹೆಂಡ್ತಿ ಮೇಲೆ ದೀಪ ಹಾಕಿ ನಿಂತ್ಕೊಳ್ಳಲಿ, ಇಲ್ಲಿ ಮೇನ್ ಸ್ವಿಚ್ ಇಳಿಸೋಣ."

ಹೆಂಡತಿ ಮೇಲೆ ಹೋಗಿ ದೀಪ ಹಾಕಿದ ಮೇಲೆ ಅಕ್ಕ ಮೂವತ್ತೊಂದರ ಸ್ವಿಚ್ ಇಳಿಸಿದಳು. ಫೋನಿನಲ್ಲಿ ಹೆಂಡತಿ, "ಉರೀತಾನೇ ಇದೆ ರೀ!" ಎಂದಳು.

ಪಕ್ಕದ ಮೂವತ್ತೆರಡರ ಯಜಮಾನರು ಮುಖದ ತುಂಬ ಸೋಪಿನ ನೊರೆ ಹೊತ್ತು ಮೆಟ್ಟಿಲಿಳಿದು ಬಂದರು. "ಯಾರ್ರೀ ಕರೆಂಟ್ ತೆಗ್ದಿದ್ದು? ಅರ್ಧ ಮೀಸೆ ಹಾರಿಹೋಗ್ತಿತ್ತಲ್ರೀ ನಂದು!"

ಡ್ರೈವರನ ಮುಖ ಇಂಗು ತಿಂದ ಮಂಗನಂತಾಯಿತು.

ಅಕ್ಕ ನಗುತ್ತ ಸ್ವಿಚ್ ಮೇಲೆತ್ತಿದಳು. "ಬಣ್ಣದವರು ನಂಬರ್ ಅದಲುಬದಲು ಬರ್ದಿದಾರೆ. ನೀನು ಆ ನಂಬರ್ ಕೊಟ್ಟಿದ್ರೆ ಇವರ ಮೀಟರ್ ನಿನ್ನ ಹೆಸರಿಗೆ ಬರ್ತಿತ್ತು. ನಿನ್ನ ಮೀಟರನ್ನ ಕೇಳೋರಿಲ್ದೆ ಶನಿವಾರ ಕಟ್ ಮಾಡ್ತಿದ್ರು. ಭಾನುವಾರ ಅಮ್ಮನ ಗತಿ?"

ಯಜಮಾನರೂ ಸೋಪು ಮರೆತು ನಿಂತರು. ಅಕ್ಕ ಈಗ ಮೂವತ್ತೆರಡು ಎಂದು ಬರೆದಿದ್ದ ಸ್ವಿಚ್ ಇಳಿಸಿದಳು.

"ಹೋಯ್ತು ರೀ! ಪೂರ್ತಿ ಕತ್ತಲೆ!" ಹೆಂಡತಿಯ ಕೂಗು ಫೋನಿಲ್ಲದೆಯೂ ಕೇಳಿಸಿತು. ಡ್ರೈವರ್ ಎರಡು ಹೆಜ್ಜೆ ಕುಣಿದೇಬಿಟ್ಟ. ಮನೆ ಕತ್ತಲಾಯಿತೆಂದು ಇಷ್ಟು ಸಂತೋಷಪಟ್ಟವರನ್ನು ಆ ಕಟ್ಟಡ ಕಂಡಿರಲಿಲ್ಲ.

ಮೀಟರಿನ ನಂಬರು, ಅದು ತೋರಿಸುತ್ತಿದ್ದ ಅಂಕಿ ಎರಡೂ ಕಾಣುವಂತೆ ಫೋಟೋ ತೆಗೆದರು. ಮರುದಿನ ಕಚೇರಿ ಬಾಗಿಲು ತೆರೆಯುವ ಮೊದಲೇ ಡ್ರೈವರ್ ಬಾಡಿಗೆ ಕರಾರು, ಗುರುತಿನ ಚೀಟಿ ಹಿಡಿದು ನಿಂತಿದ್ದ. ಶುಕ್ರವಾರ ಮೀಟರ್ ಅವನ ಹೆಸರಿಗಾಯಿತು.

ಭಾನುವಾರ ಪೆಟ್ಟಿಗೆಗಳು ಇನ್ನೂ ಲಿಫ್ಟಿನಲ್ಲಿರುವಾಗಲೇ ಕಿಟಕಿ ಪಕ್ಕ ಮೆಷಿನ್ ಗುಂಯ್ ಎಂದಿತು. ಅಮ್ಮ ಕಣ್ಣು ಮುಚ್ಚಿ ಉದ್ದಕ್ಕೆ ಉಸಿರೆಳೆದು, "ಈ ಮನೆ ನಂಗೆ ಒಗ್ಗುತ್ತೆ ಕಣೋ" ಎಂದರು. ಡ್ರೈವರ್ ಮತ್ತೆ ಶಿಳ್ಳೆ ಹಾಕುತ್ತ ಪೆಟ್ಟಿಗೆ ತರಲು ಹೊರಟ.

ಈಗ ಅವನ ಬಸ್ಸಿನಲ್ಲಿ ಯಾರಾದರೂ ಮನೆ ಬದಲಿಸುತ್ತೇವೆ ಅಂದರೆ ಸಾಕು, ಇಳಿಯುವವರೆಗೂ ಇದೇ ಪಾಠ.

ನೀವೂ ಮನೆ ಬದಲಿಸುತ್ತಿದ್ದೀರಾ? ಹತ್ತು ದಿನ ಮೊದಲೇ ಕರೆಂಟು, ನೀರು, ಗ್ಯಾಸು ಯಾರ ಹೆಸರಲ್ಲಿವೆ ಎಂದು ಮಾಲೀಕರನ್ನು ಕೇಳಿ. ಮೀಟರ್ ನಿಮ್ಮದೇ ಎಂದು ಖಾತ್ರಿ ಮಾಡಿಕೊಂಡು ಅರ್ಜಿ ಕೊಡಿ. ಸ್ವಿಚ್ ಇಳಿಸುವ ಮುನ್ನ ಪಕ್ಕದ ಮನೆಯವರಿಗೆ ಒಂದು ಮಾತು ಹೇಳಿ. ಪಾಪ, ಅವರ ಮೀಸೆಯೂ ಉಳಿಯಲಿ!