ಭಾನುವಾರ ನೋಡೋಣ

ಆ ಓರಗಿತ್ತಿಯರಿಬ್ಬರಿಗೂ ಒಂದೇ ಆಸ್ಪತ್ರೆಯಲ್ಲಿ ಕೆಲಸ. ಹಿರಿಯವಳು ಆಡಳಿತಾಧಿಕಾರಿ. ಕಿರಿಯವಳು ಸರ್ವರ್‌ಗಳನ್ನು, ಅಂದರೆ ರೋಗಿಗಳ ಮಾಹಿತಿಯೆಲ್ಲ ಇರುವ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವವಳು.

"ಅಕ್ಕಾ, ಸರ್ವರ್‌ಗಳನ್ನ ನಿಭಾಯಿಸೋ ಸಾಫ್ಟ್‌ವೇರ್‌ನಲ್ಲೇ ದೋಷ ಇದೆಯಂತೆ. ಪಾಸ್‌ವರ್ಡ್ ಇಲ್ದೇನೇ ಯಾರು ಬೇಕಾದ್ರೂ ಒಳಗೆ ಬರಬಹುದು. ಕಂಪನಿಯವರು ಅಪ್‌ಡೇಟ್ ಕಳಿಸಿದಾರೆ. ಒಂದು ಗಂಟೆ ಎಲ್ಲಾ ನಿಲ್ಲಿಸ್ಬೇಕು."

"ಹೊರಗೆ ಜನ ಸಾಲುಗಟ್ಟಿ ನಿಂತಿದಾರೆ, ನನ್ನನ್ನ ಸುಮ್ನೆ ಬಿಡ್ತಾರಾ? ಭಾನುವಾರ ನೋಡೋಣ."

"ನೀವು ಮನೆಯಿಂದ ಇಂಟರ್ನೆಟ್ಟಲ್ಲಿ ಸರ್ವರ್ ನೋಡೋ ದಾರಿನಾದ್ರೂ ಮುಚ್ತೀನಿ. ಕಳ್ಳರು ಬರೋದೂ ಅಲ್ಲಿಂದಲೇ."

"ನಮ್ಮ ಆಸ್ಪತ್ರೆಗೆ ಯಾವ ಕಳ್ಳ ಬರ್ತಾನೆ? ಬಂದ್ರೆ ಜ್ವರ ಅಂತ್ಲೇ ಬರ್ಬೇಕು!"

ಆ ದಾರಿಯನ್ನು ಹಟ ಹಿಡಿದು ತೆರೆಸಿಕೊಂಡವಳು ಹಿರಿಯವಳೇ. ಒಲೆಯ ಮುಂದೆ ನಿಂತೇ, ಸರ್ವರ್‌ಗಳು ನಡೆಯುತ್ತಿವೆಯೇ ಎಂದು ಫೋನಿನಲ್ಲಿ ನೋಡುವಾಗ, ಮನೆಗೂ ಕೆಲಸಕ್ಕೂ ತಾನು ಕಡಿಮೆ ಬಿದ್ದಿಲ್ಲ ಎಂಬ ಸಮಾಧಾನ ಅವಳಿಗೆ.

ಶುಕ್ರವಾರ ಬೆಳಿಗ್ಗೆ ಅತ್ತೆ ಮೆಟ್ಟಿಲಿಂದ ಜಾರಿ ಬಿದ್ದರು. ತಲೆಗೆ ಪೆಟ್ಟು, ಎಚ್ಚರವಿಲ್ಲ. ಅವರನ್ನು ಇದೇ ಆಸ್ಪತ್ರೆಗೆ ತಂದರು. ಹಿರಿಯವಳು ಓಡಿಬಂದಾಗ ನರ್ಸ್ ಕಂಪ್ಯೂಟರ್ ಮುಂದೆ ಕಲ್ಲಾಗಿ ನಿಂತಿದ್ದಳು. ಪರದೆಯ ಮೇಲೆ ಒಂದೇ ಸಾಲು: 'ನಿಮ್ಮ ಮಾಹಿತಿ ಈಗ ನಮ್ಮ ಕೈಲಿದೆ.' ಎಲ್ಲ ವಾರ್ಡುಗಳಲ್ಲೂ ಅದೇ.

"ಮೇಡಂ, ಇವರಿಗೆ ಯಾವುದೋ ಇಂಜೆಕ್ಷನ್ ಆಗಲ್ಲ ಅಂತ ದಾಖಲೆ ಇತ್ತಲ್ಲ? ಯಾವುದದು?"

ಹಿಂದೊಮ್ಮೆ ಆ ಇಂಜೆಕ್ಷನ್ನಿಗೆ ಅತ್ತೆಯ ಉಸಿರು ನಿಲ್ಲುವಂತಾಗಿತ್ತು. ಅವರ ಹಾಲಿಗೆ ಎಷ್ಟು ಸಕ್ಕರೆ, ತಲೆಗೆ ಯಾವ ದಿಂಬು, ಎಲ್ಲವೂ ಹಿರಿಯವಳಿಗೆ ಗೊತ್ತು. ಈ ಹೆಸರೊಂದನ್ನು, ಕಂಪ್ಯೂಟರಿನಲ್ಲಿದೆಯಲ್ಲ ಎಂದು, ಎಂದೋ ಮನಸ್ಸಿನಿಂದ ಇಳಿಸಿಬಿಟ್ಟಿದ್ದಳು.

"ಗೊತ್ತಿಲ್ಲ" ಎಂದಳು. ತನ್ನ ದನಿ ತನಗೇ ಬೇರೆಯವರದ್ದೆನಿಸಿತು.

ಕಿರಿಯವಳು ಸರ್ವರ್‌ಗಳ ಸಂಪರ್ಕವನ್ನೆಲ್ಲ ಕಿತ್ತುಹಾಕಿ, ಬೇರೆಯೇ ತೆಗೆದಿಟ್ಟಿದ್ದ ಮಾಹಿತಿಯ ಪ್ರತಿಯಲ್ಲಿ ಹುಡುಕಿದಳು. ಓಡಿಬಂದು ಹೆಸರು ಹೇಳಿದಳು. ವೈದ್ಯರು ಕೈಯಲ್ಲಿದ್ದ ಸಿರಿಂಜನ್ನು ಕೆಳಗಿಟ್ಟರು. ಅದರಲ್ಲಿ ತುಂಬಿದ್ದದ್ದು ಅದೇ ಔಷಧಿ.

ಸಂಜೆ ಅತ್ತೆ ಕಣ್ಣು ಬಿಟ್ಟರು. "ಬಿದ್ದಿದ್ದು ನಾನು. ನಿಮ್ಮಿಬ್ಬರ ಮುಖ ಯಾಕ್ರೇ ಹಾಗಿದೆ?"

ಹಿರಿಯವಳು ಓರಗಿತ್ತಿಯ ಕೈ ಹಿಡಿದುಕೊಂಡಳು. "ಮೊದಲು ನನ್ನ ಫೋನಿನ ದಾರಿ ಮುಚ್ಚು. ಎಲ್ಲಾ ಶುಚಿ ಮಾಡಿ ಅಪ್‌ಡೇಟ್ ಹಾಕು. ಎಷ್ಟು ಹೊತ್ತಾದ್ರೂ ಆಗ್ಲಿ, ಬಾಗಿಲಲ್ಲಿ ನಿಂತು ಜನರಿಗೆ ನಾನೇ ಹೇಳ್ತೀನಿ."

ಕಚೇರಿ, ಶಾಲೆ, ಆಸ್ಪತ್ರೆ ನಡೆಸುವ ಅಕ್ಕಂದಿರೇ, ಅಣ್ಣಂದಿರೇ, ಸರ್ವರ್ ನೋಡಿಕೊಳ್ಳುವವರು ಅಪ್‌ಡೇಟಿಗೆ ಒಂದು ಗಂಟೆ ಕೇಳಿದರೆ ಅಂದೇ ಕೊಡಿ. ಸರ್ವರ್‌ಗಳನ್ನು ನಿಭಾಯಿಸುವ ಸಾಫ್ಟ್‌ವೇರನ್ನು ಹೊರಗಿನ ಇಂಟರ್ನೆಟ್ಟಿಗೆ ತೆರೆದಿಡಬೇಡಿ. ಮಾಹಿತಿಯ ಒಂದು ಪ್ರತಿ ಬೇರೆ ಕಡೆ ಇರಲಿ. ಭಾನುವಾರದವರೆಗೆ ಕಳ್ಳರು ಕಾಯುವುದಿಲ್ಲ. ಶುಕ್ರವಾರ ಆ ಮಂಚದ ಮೇಲೆ ನಿಮ್ಮವರೇ ಇರಬಹುದು.